ದೊಡ್ಡಾಟದ ಕತ್ತಿ, ರಾಯಚೂರಿನ ಕದನ
ರಾಯಚೂರು ಮಗ್ಗುಲಿನ ಜಾಲಹಳ್ಳಿ ಸೀಮೆಯಲ್ಲಿ ದೊಡ್ಡಾಟವೆಂದರೆ ಕಟ್ಟಿಗೆಯ ಕತ್ತಿ, ಮಿಂಚುವ ಕಿರೀಟ, ಭುಜಕೀರ್ತಿ. ಅಟ್ಟ ಅದುರುವಂತೆ ಕುಣಿಯುವವರು ಹಗಲಲ್ಲಿ ಹೊಲದಲ್ಲಿ ದುಡಿಯುವವರು. ಯುರೋಪಿನಲ್ಲಿ ರಜೆಯ ದಿನ ಉಕ್ಕಿನ ಕವಚ ತೊಟ್ಟು, ಕುದುರೆ ಏರಿ ಹಳೆಯ ಕಾಳಗಗಳನ್ನು ಮತ್ತೆ ಆಡಿ ತೋರಿಸುವ ಹವ್ಯಾಸಿಗಳ ಬಗ್ಗೆ ಓದಿದಾಗಲೆಲ್ಲ ನನಗೆ ಇವರೇ ನೆನಪಾಗುತ್ತಾರೆ. ಇವರ ಪ್ರಸಂಗಗಳು ಹೆಚ್ಚಾಗಿ ಭಾರತ, ರಾಮಾಯಣದವು. ಆದರೆ ಆಡಲು ನಮ್ಮ ಮಗ್ಗುಲಲ್ಲೇ ಒಂದು ಕದನವಿದೆ: 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದದ್ದು. ಗೋಡೆಯ ಮೇಲೆ ತಲೆ ಎತ್ತಿದ ಹಲವರನ್ನು ಪೋರ್ಚುಗೀಸ್ ಫಿಗೆರೆದೊನ ಕೋವಿಗಾರರು ಉರುಳಿಸಿದರೆಂದು ಆ ಕಾಲದ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದೂ ಅವನೇ ಹೇಳುತ್ತಾನೆ. ಕಡಲು ದಾಟಿ ಬಂದ ಹುರ್ಮುಜಿನ ಕುದುರೆಗಳೂ ಅದರಲ್ಲಿದ್ದವು. ನನ್ನನ್ನು ಹೆಚ್ಚು ಸೆಳೆಯುವುದು ಕವಚ. ಹಂಪಿಯಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡ ರಾವುತರು ತೊಟ್ಟದ್ದು ದಪ್ಪಗೆ ಹೊಲಿದ ಅಂಗಿ: ಮೇಲೆ ಜರಿ, ಮಖಮಲ್ಲು, ಒಳಗೆ ಪದರ ಪದರವಾಗಿ ಗಟ್ಟಿ ತೊಗಲು, ನಡುನಡುವೆ ಕಬ್ಬಿಣದ ತಗಡು. ಕೌದಿ ಹೊಲಿಯುವ ಕೈಗಳು ಈ ಭಾಗದಲ್ಲಿ ಇನ್ನೂ ಇವೆ, ತೊಗಲು ಹದ ಮಾಡಬಲ್ಲವರೂ ಇದ್ದಾರೆ. ಅಂಥದ್ದೊಂದು ಅಂಗಿ ಹೊಲಿಸಿ, ದೊಡ್ಡಾಟದ ಕಲಾವಿದನೊಬ್ಬ ಅದನ್ನು ತೊಟ್ಟು ರಾಯಚೂರು ಕೋಟೆಯ ಬಾಗಿಲಲ್ಲಿ ನಿಂತದ್ದನ್ನು ನೋಡುವ ಆಸೆ ನನಗಿದೆ.