ನೀರಲ್ಲಿ ನಿಂತ ಕಾರಿನ ಕೀ ಮುಟ್ಟಬೇಡಿ
ಜೋರು ಮಳೆಯ ಮರುದಿನ ಬೆಳಿಗ್ಗೆ ಮುಂಬೈನ ನಮ್ಮ ಸೊಸೈಟಿಯಲ್ಲಿ ಮೊದಲು ಕೇಳಿಸುವುದು ಕಾರುಗಳ ಸೆಲ್ಫ್ ಸದ್ದು. ಸ್ಟಾರ್ಟ್ ಆಗದಿದ್ದರೆ ಇನ್ನೊಂದು ಸಲ, ಮತ್ತೊಂದು ಸಲ. ಆಫೀಸಿಗೆ ಹೊತ್ತಾಯಿತಲ್ಲ! ಹೋದ ವರ್ಷ ನಾನೂ ಹಾಗೇ ಮಾಡಿ ಎಂಜಿನ್ ಕಳೆದುಕೊಂಡೆ. ಸಿಲಿಂಡರಿಗೆ ನುಗ್ಗಿದ ನೀರನ್ನು ಪಿಸ್ಟನ್ ಗಾಳಿಯಂತೆ ಒತ್ತಿ ಕುಗ್ಗಿಸಲಾರದು. ಕನೆಕ್ಟಿಂಗ್ ರಾಡೇ ಬಾಗುತ್ತದೆ. ಬಂಪರ್‌ವರೆಗೆ ನೀರು ನಿಂತಿತ್ತೆಂದರೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ, ಗಾಡಿಯನ್ನು ಟೋ ಮಾಡಿಸಿ. ಏರ್ ಫಿಲ್ಟರ್ ಒದ್ದೆಯಾಗಿದೆಯೇ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತಾಗಿದೆಯೇ ಎಂದು ಮೆಕ್ಯಾನಿಕ್ ನೋಡಲಿ.

ವಿಮೆ ಇದೆಯಲ್ಲ ಅಂದಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಎಂಜಿನ್ ಪ್ರೊಟೆಕ್ಷನ್ ಕವರ್ ಇಲ್ಲದ ಪಾಲಿಸಿಯಲ್ಲಿ ಈ ಹಾನಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಪ್ರತಿ ಮಳೆಗಾಲ ರಸ್ತೆ ಮುಳುಗುವ ಊರಲ್ಲಿ ಕಾರು ಮಾರುವವರೇ ಇದನ್ನು ಬಾಯಿಬಿಟ್ಟು ಹೇಳಬೇಕು. ನನಗೆ ಸೀಟ್ ಕವರ್ ಬಗ್ಗೆ ಅರ್ಧ ಗಂಟೆ ಹೇಳಿದ್ದರು.