ಟೋಪಿ ಮಾಡಿದ ಕೈಗಳನ್ನೂ ನೋಡಿ

19ನೇ ಶತಮಾನದ ಅಮೆರಿಕದ ಬೀದಿಯ ಫೋಟೋಗಳಲ್ಲಿ ಬರಿದಲೆಯ ಗಂಡಸು ಸಿಗುವುದು ಅಪರೂಪ. ಪಟ್ಟಣದ ಸಾಹುಕಾರನಿಗೆ ಹೊಗೆಕೊಳವೆಯಂಥ ಎತ್ತರದ ಟೋಪಿ. ಪಶ್ಚಿಮದ ದನಗಾಹಿಗೆ ಜಾನ್ ಸ್ಟೆಟ್ಸನ್ 1865ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುಮಾಡಿದ ಕಂಪನಿಯ ಅಗಲ ಅಂಚಿನ ಟೋಪಿ. ಆ ಠೀವಿಯನ್ನು ಮೆಚ್ಚುವ ಮುಂಚೆ ಅದನ್ನು ಮಾಡಿದವರ ಕೈಗಳನ್ನು ಒಮ್ಮೆ ನೋಡಿ ಎಂದು ಬೇಡಿಕೊಳ್ಳುತ್ತೇನೆ.

ಟೋಪಿಗೆಂದು ಯುರೋಪಿನ ಬೀವರ್ ಪ್ರಾಣಿಯನ್ನು ಹೆಚ್ಚುಕಡಿಮೆ ಬೇಟೆಯಾಡಿ ಮುಗಿಸಿದ ವ್ಯಾಪಾರಿಗಳ ಕಣ್ಣು ಉತ್ತರ ಅಮೆರಿಕದ ಹೊಳೆಗಳ ಮೇಲೆ ಬಿತ್ತು. ಅಲ್ಲೂ ಬೀವರ್ ಕ್ಷೀಣಿಸುತ್ತ ಬಂದಾಗ ರೇಷ್ಮೆ ಟೋಪಿಯ ಷೋಕಿ ಹಬ್ಬಿ ಅದರ ಜೀವ ಉಳಿಯಿತು. ತುಪ್ಪಳದ ಟೋಪಿ ಮಾತ್ರ ನಿಲ್ಲಲಿಲ್ಲ. ಬೀವರ್ ಬದಲು ಮೊಲ ಬಂತು. ಕೆಲಸಗಾರ ಅಲ್ಲೇ ಉಳಿದ.

ಕನೆಕ್ಟಿಕಟ್‌ನ ಡ್ಯಾನ್‌ಬರಿ ಟೋಪಿಗೆ ಹೆಸರಾದ ಊರು. ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ ಪಾದರಸವನ್ನು ಚರ್ಮದ ಮೇಲಿನ ತುಪ್ಪಳಕ್ಕೆ ಬ್ರಷ್ಷಿನಿಂದ ಬಳಿಯುತ್ತಿದ್ದರು. ತುಪ್ಪಳ ಕ್ಯಾರೆಟ್ ಬಣ್ಣಕ್ಕೆ ತಿರುಗಿ, ಒರಟಾಗಿ, ಎಳೆಗೆ ಎಳೆ ಕಚ್ಚಿಕೊಳ್ಳುತ್ತಿತ್ತು. ಅದನ್ನು ಬಿಸಿನೀರಿನಲ್ಲಿ ಅದುಮಿ, ಹಬೆ ಹಿಡಿದು ಅಚ್ಚಿಗೆ ಎಳೆಯುವಾಗ ಪಾದರಸದ ಆವಿ ಕೋಣೆ ತುಂಬುತ್ತಿತ್ತು. ಚಳಿಗಾಲದಲ್ಲಿ ಕಿಟಕಿಗಳೂ ಮುಚ್ಚಿರುತ್ತಿದ್ದವು. ಒಸಡು ಬಾತು ಜೊಲ್ಲು ಸುರಿಯುತ್ತಿತ್ತು, ಹಲ್ಲು ಅಲ್ಲಾಡುತ್ತಿತ್ತು. ಬೆರಳಿನಿಂದ ನಡುಕ ತೋಳಿಗೆ ಏರುತ್ತಿತ್ತು. ನಾಲ್ಕು ಜನರ ಮುಂದೆ ಬಾಯಿಬಿಡಲು ಹೆದರುವಷ್ಟು ಮನಸ್ಸು ಕುಗ್ಗುತ್ತಿತ್ತು. ಜನ ಅದನ್ನು ‘ಡ್ಯಾನ್‌ಬರಿ ನಡುಕ’ ಎಂದು ಕರೆದರು. ರೋಗಕ್ಕೆ ಊರಿನ ಹೆಸರೇ ಬಿದ್ದರೂ ಕಾರ್ಖಾನೆಯ ಹಬೆ ಆರಲಿಲ್ಲ.

ನ್ಯೂಜೆರ್ಸಿಯ ವೈದ್ಯ ಫ್ರೀಮನ್ ಟೋಪಿ ಕೆಲಸಗಾರರ ಈ ಕಾಯಿಲೆಗೆ ಪಾದರಸವೇ ಕಾರಣವೆಂದು ಬರೆದದ್ದು 1860ರಲ್ಲಿ. ಅಮೆರಿಕದ ಟೋಪಿ ಕಾರ್ಖಾನೆಗಳಲ್ಲಿ ಅದರ ಬಳಕೆಗೆ ತಡೆ ಬಿದ್ದದ್ದು 1941ರಲ್ಲಿ. 81 ವರ್ಷ! ಗೊತ್ತಿದ್ದೂ ಗೊತ್ತಿದ್ದೂ ತಂದೆಯ ಜಾಗಕ್ಕೆ ಮಗನನ್ನು, ಮಗನ ಜಾಗಕ್ಕೆ ಮೊಮ್ಮಗನನ್ನು ಕರೆದು ನಿಲ್ಲಿಸಿದರು. ಇದನ್ನು ಓದಿ ನನಗೆ ಸಿಟ್ಟು ಬರುತ್ತದೆ, ನಿಮಗೂ ಬರಲಿ.

ಏಕೆಂದರೆ ನಮಗೂ ಗೊತ್ತಿದೆ. ಕೆಟ್ಟುಹೋದ ಟ್ಯೂಬ್‌ಲೈಟಿನಲ್ಲಿ, ಒಡೆದ ಹಳೆಯ ಥರ್ಮಾಮೀಟರಿನಲ್ಲಿ ಇರುವುದು ಅದೇ ಪಾದರಸ. ಅದನ್ನು ಕಸದ ಬುಟ್ಟಿಗೆ ತುರುಕಿ ಕೊಟ್ಟಾಗ, ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಉಸಿರಿಗೆ ಅದನ್ನು ದಾಟಿಸುತ್ತಿದ್ದೇವೆ. ದಯವಿಟ್ಟು ಟ್ಯೂಬ್ ಒಡೆಯಬೇಡಿ. ಅದು ಬಂದ ರಟ್ಟಿನ ಹೊದಿಕೆಯಲ್ಲೇ ಇಟ್ಟು, ಬೇರೆಯಾಗಿ, ಏನೆಂದು ಹೇಳಿ ಕೊಡಿ. ನಿಮ್ಮ ನಗರಸಭೆಗೆ, ಪಂಚಾಯಿತಿಗೆ ಹೋಗಿ ಕೇಳಿ: ಇದನ್ನು ಎಲ್ಲಿಗೆ ಸಾಗಿಸುತ್ತೀರಿ? ಮುಟ್ಟುವವರ ರಕ್ಷಣೆಗೆ ಏನು ಕೊಟ್ಟಿದ್ದೀರಿ? ಉತ್ತರ ಬರುವವರೆಗೂ ಕೇಳುತ್ತಲೇ ಇರಿ.