ಮುತ್ತಜ್ಜಿಯ ಹೆಸರು ಯಾವ ದಫ್ತರದಲ್ಲಿದೆ?

ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಹಿರಿಯರಿಗೆ ಎಡೆ ಇಡುವಾಗ ದೊಡ್ಡಪ್ಪನನ್ನು ಕೇಳಿದೆ, "ನಿಮ್ಮ ಅಜ್ಜಿ ಹೆಸರೇನು ದೊಡ್ಡಪ್ಪ?" ಸ್ವಲ್ಪ ಹೊತ್ತು ಯೋಚಿಸಿ, "ಎಲ್ರೂ ಅವ್ವ ಅಂತಿದ್ರು ಕಣಪ್ಪ" ಅಂದರು. ಅಷ್ಟೇ. ವರ್ಷಾ ವರ್ಷಾ ಎಡೆ ಇಡ್ತೀವಿ, ಯಾರಿಗೆ ಅಂತಲೇ ಗೊತ್ತಿಲ್ಲ!

ಇಂಗ್ಲೆಂಡಿನವರು ಚರ್ಚಿನ ರಿಜಿಸ್ಟರು, ಗೋರಿಕಲ್ಲು ನೋಡಿ ಏಳೆಂಟು ತಲೆಮಾರು ಹಿಂದಕ್ಕೆ ಹೋಗುತ್ತಾರೆ. ಅದೇ ಹುರುಪಿನಲ್ಲಿ ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೊರಟರೆ ಏನು ಸಿಗುತ್ತೆ? ಸುಡುವವರಿಗೆ ಗೋರಿಯೇ ಇಲ್ಲ. ನಮ್ಮಂತೆ ಹೂಳುವವರು ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ಒಂದು ಕಲ್ಲಿಡುತ್ತಾರೆ, ಅಕ್ಷರ ಇರಲ್ಲ. ಎರಡು ತಲೆಮಾರು ಕಳೆದರೆ ಅದರ ಮೇಲೇ ಟ್ರ್ಯಾಕ್ಟರ್ ಓಡುತ್ತೆ. ಈಗಿನ ಜನನ ಮರಣ ನೋಂದಣಿ ಕಾಯಿದೆ 1969ರದ್ದು, ನಮ್ಮ ರಾಜ್ಯದಲ್ಲಿ ಜಾರಿಯಾದದ್ದು 1970ರ ಏಪ್ರಿಲ್‌ನಲ್ಲಿ. ಮುತ್ತಜ್ಜಿ ಅದಕ್ಕೂ ಎಷ್ಟೋ ಮೊದಲೇ ಹೋದವಳು.

ಹಾಗಾಗಿ ನಾನು ಹೇಳೋದು, ನಮ್ಮ ಕಡೆ ಹುಡುಕಾಟ ಶುರು ಮಾಡಬೇಕಾದ್ದು ಸ್ಮಶಾನದಲ್ಲಲ್ಲ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಪೌತಿ ಖಾತೆ ಕೇಳಿದ್ದೀರಲ್ಲ? ಪೌತಿ ಅಂದರೆ ಸಾವು. ರೈತ ಸತ್ತರೆ ಅವನ ಹೊಲ ವಾರಸುದಾರರ ಹೆಸರಿಗೆ ಹೋಗುತ್ತೆ, ಅದು ಮ್ಯುಟೇಶನ್ ರಿಜಿಸ್ಟರಿನಲ್ಲಿ ದಾಖಲಾಗುತ್ತೆ. ಸರ್ಕಾರಕ್ಕೆ ಬೇಕಿದ್ದದ್ದು ಸತ್ತವನಲ್ಲ, ಕಂದಾಯ ಕಟ್ಟುವವನು ಯಾರು ಅನ್ನೋದು. ಆದರೂ ನಮಗೆ ಉಪಕಾರವೇ ಆಯ್ತು. ಇಂಥವನು 'ಬಿನ್' ಇಂಥವನು ಅಂತ ಹಿಡಿದುಕೊಂಡು ನಾನು ಮುತ್ತಜ್ಜನ ಅಪ್ಪನವರೆಗೂ ಹತ್ತಿದೆ.

ಮುತ್ತಜ್ಜಿ ಮಾತ್ರ ಸಿಗಲಿಲ್ಲ. ಹೆಂಗಸರ ಹೆಸರಿನ ಮುಂದೆ ಬರೆಯುವುದು 'ಕೋಂ', ಅಂದರೆ ಇಂಥವನ ಹೆಂಡತಿ. ಗಂಡ ಸತ್ತು ಖಾತೆ ಅವಳ ಹೆಸರಿಗೆ ಬಂದರೆ ಆ ಸಾಲು ಹುಟ್ಟುತ್ತೆ. ಗಂಡನಿಗಿಂತ ಮೊದಲೇ ಹೋದವಳಿಗೆ ಅದೂ ಇಲ್ಲ. ಹೊಲವೇ ಇಲ್ಲದ ಕೂಲಿಯವರ ಪಾಡಂತೂ ಕೇಳಲೇಬೇಡಿ, ಗಂಡು ಹೆಣ್ಣು ಇಬ್ಬರೂ ಇಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು, 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದದ್ದು 1876-78ರ ಬರ. ಆ ಲಕ್ಷಗಟ್ಟಲೆ ಜನರಲ್ಲಿ ಎಷ್ಟು ಮಂದಿಯ ಹೆಸರು ಉಳಿದಿದೆ? ಅದಕ್ಕೂ ಹಿಂದಿನ ಮಾಸ್ತಿಕಲ್ಲುಗಳನ್ನೇ ನೋಡಿ, ಬಳೆ ತೊಟ್ಟ ಕೈ ಇರುತ್ತೆ, ಎಷ್ಟೋ ಕಡೆ ಹೆಸರಿರಲ್ಲ.

ಈಚೆಗೆ ನಮ್ಮೂರಲ್ಲಿ ಗ್ರಾನೈಟ್ ಸಮಾಧಿ ಕಟ್ಟಿಸಿ, ಫೋಟೋ ಹಾಕಿಸಿ, ಹುಟ್ಟಿದ್ದು ಸತ್ತದ್ದು ಕೆತ್ತಿಸುವುದು ಜಾಸ್ತಿಯಾಗಿದೆ. ದುಡ್ಡಿನ ದೌಲತ್ತು ಅಂತ ನಾನೂ ನಕ್ಕಿದ್ದೆ. ಈಗ ನಗಲ್ಲ :) ಗ್ರಾನೈಟೇ ಆಗಬೇಕಂತಿಲ್ಲ, ಸೈಜುಗಲ್ಲಿನ ಮೇಲೆ ಉಳಿಯಲ್ಲಿ ಕೆತ್ತಿದರೂ ಸಾಕು. ಆದರೆ 'ಇಂಥವರ ಧರ್ಮಪತ್ನಿ' ಅಂತಷ್ಟೇ ಬರೆಸಬೇಡಿ ಮಾರಾಯ್ರೆ, ಅವಳ ಹೆಸರು, ತವರೂರು ಹಾಕಿಸಿ. ತವರೂರು ಗೊತ್ತಿದ್ದರೆ ಮುಂದೆ ಹುಡುಕುವವನಿಗೆ ಇನ್ನೊಂದು ಬಾಗಿಲು ತೆರೆದಂತೆ.

ಯಾಕೆ ಹೇಳಿದೆ ಅಂದರೆ, ಎಡೆ ಮುಗಿಸಿ ಊಟಕ್ಕೆ ಕೂತಾಗ ದೊಡ್ಡಪ್ಪನಿಗೆ ಇನ್ನೊಂದು ನೆನಪಾಯಿತು. ಅವ್ವನ ತವರಿನವರು ಮಾರಿಕಣಿವೆಯಲ್ಲಿ ಊರು ಮುಳುಗಿದಾಗ ಎದ್ದು ಬಂದವರಂತೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅದು. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲಾ ಕಾರು ಮಾಡಿಕೊಂಡು ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದೆವು. ಅವಳ ಹಿರಿಯರನ್ನು ಮಣ್ಣು ಮಾಡಿದ ಜಾಗ ಆ ನೀರಿನ ಕೆಳಗೇ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಆ ತವರಿನ ಕಡೆಯ ಒಬ್ಬ ಅಜ್ಜಿ ಹೊಸದುರ್ಗದಲ್ಲಿದ್ದಾರಂತೆ, ತೊಂಬತ್ತರ ಹತ್ತಿರ. ಕಿವಿ ಸ್ವಲ್ಪ ಮಂದವಂತೆ. ಈ ಭಾನುವಾರ ಹೋಗ್ತಿದ್ದೇನೆ.